ನಿಮ್ಮೂರಿನ ತೋಡು ಇನ್ನೂ ಚೆನ್ನಾಗಿದೆಯಾ? ಹಾಗಿದ್ರೆ ‘ಎ’ ದರ್ಜೆ ಕೇಳೋದು ಹೇಗೆ ನೋಡಿ

ಹೆಬ್ರಿ, ಕಾರ್ಕಳ, ಬೆಳ್ತಂಗಡಿ, ಸುಳ್ಯದ ಕಡೆ ಇವತ್ತಿಗೂ ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾಗಿ ಹರಿಯುವ ತೋಡುಗಳು, ಅಂದರೆ ಸಣ್ಣ ಹಳ್ಳಗಳು, ಇವೆ. ಆದರೆ ಅವು ಚೆನ್ನಾಗಿವೆ ಎಂದು ಯಾವ ಕಾಗದದಲ್ಲೂ ಬರೆದಿಲ್ಲ. ಇದೇ ನನ್ನನ್ನು ಕಾಡುವ ವಿಷಯ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಮಲಿನ ನದಿಪಾತ್ರಗಳ ಪಟ್ಟಿ ಮಾಡಿತು. ಕರ್ನಾಟಕದ 17 ಅದರಲ್ಲಿದ್ದವು, ನಮ್ಮ ನೇತ್ರಾವತಿ ಮತ್ತು ಕುಮಾರಧಾರಾ ಕೂಡ. ಪಟ್ಟಿ ಬಂದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಮನ ಹರಿಸಿತು, ರಾಜ್ಯಗಳು ಸಮಿತಿ ಮಾಡಬೇಕಾಯಿತು, ಕ್ರಿಯಾಯೋಜನೆ ಬರೆಯಬೇಕಾಯಿತು, ನೀರನ್ನು ಕನಿಷ್ಠ ಸ್ನಾನಕ್ಕೆ ಯೋಗ್ಯವಾದ ಮಟ್ಟಕ್ಕೆ ತರಬೇಕು ಎಂಬ ಗುರಿ ಬಂತು. ಒಳ್ಳೆಯದೇ. ಆದರೆ ಇದೆಲ್ಲ ನೀರು ಕೆಟ್ಟ ಮೇಲೆ ಶುರುವಾಗುವ ಕೆಲಸ. ನೇತ್ರಾವತಿಗೆ ನೀರು ಕೊಡುವ ನೂರಾರು ತೋಡುಗಳು ಇನ್ನೂ ಚೆನ್ನಾಗಿರುವಾಗಲೇ ಅವಕ್ಕೆ ಒಂದು ದರ್ಜೆ ಕೇಳಿ ಪಡೆಯೋದು ಎಷ್ಟೋ ಸುಲಭ, ಖರ್ಚೂ ಕಡಿಮೆ. ಮಂಗಳೂರಿಗೆ ತುಂಬೆಯಿಂದ, ಉಡುಪಿಗೆ ಸ್ವರ್ಣೆಯ ಬಜೆ ಅಣೆಕಟ್ಟಿನಿಂದ ಬರುವ ನೀರು ಮೇಲಿನ ಈ ಸಣ್ಣ ತೋಡುಗಳದ್ದೇ ಅಲ್ವಾ?

ದರ್ಜೆ ಅಂದ್ರೆ ಏನು?

ಕೇಂದ್ರ ಮಂಡಳಿ ನೀರನ್ನು ಅದರ ಉತ್ತಮ ಬಳಕೆಯ ಆಧಾರದಲ್ಲಿ ಐದು ದರ್ಜೆ ಮಾಡಿದೆ. ಕ್ಲೋರಿನ್ ಹಾಕಿ ರೋಗಾಣು ಕೊಂದರೆ ಸಾಕು, ಬೇರೆ ಶುದ್ಧೀಕರಣ ಇಲ್ಲದೆ ಕುಡಿಯಲು ಬಳಸಬಹುದು ಅನ್ನುವಂಥದ್ದು ‘ಎ’. ಇದರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರಬೇಕು, ಬಿಒಡಿ (ನೀರಿನ ಕೊಳೆ ಕೊಳೆಯಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 2 ಮಿಲಿಗ್ರಾಂ ಮೀರಬಾರದು, ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 8.5ರ ಒಳಗಿರಬೇಕು, 100 ಮಿಲಿಲೀಟರ್ ನೀರಿನಲ್ಲಿ ಒಟ್ಟು ಕೋಲಿಫಾರ್ಮ್ (ಕೊಳೆಯ ಸುಳಿವು ಕೊಡುವ ಬ್ಯಾಕ್ಟೀರಿಯಾ) 50 ದಾಟಬಾರದು. ಸ್ನಾನದ ನೀರು ‘ಬಿ’: ಆಮ್ಲಜನಕ 5, ಬಿಒಡಿ 3, ಕೋಲಿಫಾರ್ಮ್ 500. ಪೂರ್ತಿ ಶುದ್ಧೀಕರಣ ಮಾಡಿ ಕುಡಿಯುವಂಥದ್ದು ‘ಸಿ’, ಅಲ್ಲಿ ಕೋಲಿಫಾರ್ಮ್ 5000ದವರೆಗೂ ನಡೆಯುತ್ತದೆ. ‘ಡಿ’ ಮೀನು ಮತ್ತು ವನ್ಯಜೀವಿಗಳಿಗೆ, ‘ಇ’ ಗದ್ದೆ ತೋಟಕ್ಕೆ ಮತ್ತು ಕಾರ್ಖಾನೆಗಳಲ್ಲಿ ತಂಪು ಮಾಡಲು.

ಇಲ್ಲಿ ಒಂದು ತೊಡಕಿದೆ, ಗಮನಿಸಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳ ನೀರು ಪರೀಕ್ಷಿಸಿ ‘ಈ ಜಾಗದಲ್ಲಿ ಬಿ, ಆ ಜಾಗದಲ್ಲಿ ಸಿ’ ಎಂದು ಹೇಳುವುದು ಆ ದಿನ ನೀರು ಹೇಗಿತ್ತು ಅನ್ನುವುದರ ವರದಿ. ಆ ನೀರು ಮುಂದೆಯೂ ಅದಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ಮಾತು ಅದರಲ್ಲಿ ಇಲ್ಲ. ನಾವು ಕೇಳಬೇಕಾದ್ದು ಈ ಎರಡನೆಯದನ್ನು. ಕೇಳಲು ಕಾನೂನಿನಲ್ಲಿ ಜಾಗವೂ ಇದೆ: 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 17ನೇ ಕಲಮು ರಾಜ್ಯ ಮಂಡಳಿಯ ಕೆಲಸಗಳನ್ನು ಹೇಳುವಾಗ ರಾಜ್ಯದ ನೀರನ್ನು ವರ್ಗೀಕರಿಸುವುದನ್ನೂ ಸೇರಿಸಿದೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ತಿಳಿದರೆ ನಮ್ಮ ಬೇಡಿಕೆಗೆ ಒಂದು ರೂಪ ಸಿಗುತ್ತದೆ. ಅಲ್ಲಿ ಸಾಮಾನ್ಯ ತೊರೆಗಳ ಮೇಲೆ ‘ಉನ್ನತ ಗುಣಮಟ್ಟ’ ಮತ್ತು ‘ಅಸಾಧಾರಣ ಮೌಲ್ಯ’ ಎಂಬ ಎರಡು ಮಟ್ಟಗಳಿವೆ. ಯಾರು ಬೇಕಾದರೂ ಒಂದು ತೊರೆಯನ್ನು ಮೇಲಿನ ಮಟ್ಟಕ್ಕೆ ಏರಿಸಿ ಎಂದು ಅರ್ಜಿ ಹಾಕಬಹುದು. ತೊರೆಯ ತಳದಲ್ಲಿ ಬದುಕುವ ಹುಳುಗಳನ್ನು ಎಣಿಸಿ, ಮನುಷ್ಯರ ಕಾಟ ಇಲ್ಲದ ಒಂದು ಮಾದರಿ ತೊರೆಯ ಜೊತೆ ಹೋಲಿಸುತ್ತಾರೆ. ಅಂಕ ಮಾದರಿಯ 83 ಶೇಕಡಾ ಮುಟ್ಟಿದರೆ ಮೊದಲನೆಯದು, 92 ಶೇಕಡಾ ಮುಟ್ಟಿದರೆ ಎರಡನೆಯದು. ‘ಅಸಾಧಾರಣ ಮೌಲ್ಯ’ ಸಿಕ್ಕಿದ ತೊರೆಯ ನೀರನ್ನು ಈಗಿರುವ ಮಟ್ಟಕ್ಕಿಂತ ಕೆಳಗಿಳಿಸುವ ಹಾಗಿಲ್ಲ. ಇಷ್ಟು ಸ್ಪಷ್ಟವಾದ ವ್ಯವಸ್ಥೆ ನಮ್ಮಲ್ಲಿಲ್ಲ. ಹಾಗಾಗಿ ನಾವು ಇರುವ ಕಾನೂನುಗಳನ್ನು ಜೋಡಿಸಿ ಅದೇ ಫಲ ಪಡೆಯಬೇಕು.

ಮೊದಲ ಕೆಲಸ: ತೋಡು ಕಾಗದದಲ್ಲಿ ಎಲ್ಲಿದೆ ನೋಡಿ

ಸರ್ವೆ ಇಲಾಖೆಯಿಂದ ಗ್ರಾಮ ನಕಾಶೆ ತನ್ನಿ. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ತೋಡುಗಳು ‘ತೋಡು ಪರಂಬೋಕು’ ಎಂದೇ ದಾಖಲಾಗಿವೆ, ಅಂದರೆ ಅದು ಸರ್ಕಾರದ ಜಾಗ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ತೋಡಿನ ಬದಿಯಲ್ಲಿ ನಡೆದರೆ ಸರ್ವೆ ನಂಬರುಗಳೂ ಗೊತ್ತಾಗುತ್ತವೆ. ಹುಟ್ಟುವ ಜಾಗದಿಂದ ಹೊಳೆ ಸೇರುವವರೆಗೆ ಒಂದು ನಕ್ಷೆ ಬರೆಯಿರಿ. ಕೈಯಲ್ಲಿ ಬರೆದರೂ ಸಾಕು. ಎಲ್ಲಿ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುತ್ತಾರೆ, ಎಲ್ಲಿ ಕಿಂಡಿ ಅಣೆಕಟ್ಟು ಇದೆ, ಯಾವ ಬಾವಿ, ನೀರಿಗಾಗಿ ಗುಡ್ಡದೊಳಗೆ ಕೊರೆದ ಯಾವ ಸುರಂಗ ಈ ನೀರನ್ನು ನಂಬಿದೆ, ಪಂಚಾಯತಿನ ಪಂಪು ಎಲ್ಲಿದೆ, ಮೇಲ್ಭಾಗದಲ್ಲಿ ಕೆಂಪುಕಲ್ಲಿನ ಕೋರೆ, ಕೋಳಿ ಫಾರ್ಮ್, ಹೋಂಸ್ಟೇ, ರಬ್ಬರ್ ಶೀಟ್ ಮಾಡುವ ಶೆಡ್ಡು ಇದೆಯಾ, ಎಲ್ಲ ಗುರುತು ಮಾಡಿ.

‘ಬೇಸಿಗೆಯಲ್ಲಿ ಬತ್ತುತ್ತದೆ, ಅದೆಂಥ ಹೊಳೆ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1974ರ ಕಾಯ್ದೆಯ 2ನೇ ಕಲಮಿನಲ್ಲಿ ಹೊಳೆ ಎಂಬುದರ ವಿವರಣೆ ಓದಿ ಹೇಳಿ. ಹರಿಯುತ್ತಿರಲಿ, ಸದ್ಯಕ್ಕೆ ಒಣಗಿರಲಿ, ನೀರು ಹೋಗುವ ದಾರಿ ಅದರಲ್ಲಿ ಸೇರುತ್ತದೆ. ನೆಲದಡಿಯ ನೀರೂ ಸೇರುತ್ತದೆ.

ನೀರಿನ ಪರೀಕ್ಷೆ: ಇಲ್ಲಿ ಅವಸರ ಬೇಡ

ಇಡೀ ಅರ್ಜಿ ನಿಲ್ಲುವುದು ಇದರ ಮೇಲೆ. ಒಂದು ದಿನ ಒಂದು ಬಾಟಲಿ ತುಂಬಿಸಿ ಲ್ಯಾಬಿಗೆ ಕೊಟ್ಟರೆ ಏನೂ ಆಗುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹಾಗಾಗಿ ಒಂದೇ ತೋಡು ಜುಲೈಯಲ್ಲಿ ಒಂದು ಥರ, ಏಪ್ರಿಲ್‌ನಲ್ಲಿ ಇನ್ನೊಂದು ಥರ. ಮೊದಲ ಮಳೆ ಬಿದ್ದ ಕೂಡಲೇ ಒಮ್ಮೆ, ಮಳೆ ಜೋರಿರುವಾಗ ಒಮ್ಮೆ, ಡಿಸೆಂಬರ್ ಹೊತ್ತಿಗೆ ಒಮ್ಮೆ, ನೀರು ತೀರಾ ಕಡಿಮೆಯಾದ ಏಪ್ರಿಲ್‌ನಲ್ಲಿ ಒಮ್ಮೆ ತೆಗೆಯಿರಿ. ಮೇಲೆ, ಮಧ್ಯೆ, ಕೆಳಗೆ, ಹೀಗೆ ಮೂರು ಜಾಗ. ಪ್ರತಿ ಸಲ ಅದೇ ಜಾಗ.

ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ, ಇಲ್ಲದಿದ್ದರೆ ನೀವೇ ಕಲಕಿದ ಮಣ್ಣು ಬಾಟಲಿಗೆ ಬರುತ್ತದೆ. ದಂಡೆಯ ನಿಂತ ನೀರು ಬೇಡ, ಹರಿವಿನ ನಡುವೆ, ಮೇಲಿನ ಪೊರೆಗಿಂತ ಕೆಳಗೆ ಬಾಟಲಿ ಮುಳುಗಿಸಿ. ಕೋಲಿಫಾರ್ಮ್ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು. ಮಿನರಲ್ ವಾಟರ್ ಬಾಟಲಿ ತೊಳೆದು ಹಿಡಿಯಬೇಡಿ. ಐಸ್ ಹಾಕಿದ ಪೆಟ್ಟಿಗೆಯಲ್ಲಿಟ್ಟು ಅವತ್ತೇ ತಲುಪಿಸಿ. ಕರಗಿದ ಆಮ್ಲಜನಕ ಮಾತ್ರ ದಂಡೆಯಲ್ಲೇ ಅಳೆಯಬೇಕು. ಮೀಟರ್ ಇದ್ದರೆ ಮೀಟರ್, ಇಲ್ಲದಿದ್ದರೆ ಲ್ಯಾಬಿನವರು ಕೊಡುವ ದ್ರಾವಣ ಅಲ್ಲೇ ಹಾಕಿ ಆಮ್ಲಜನಕವನ್ನು ಹಿಡಿದಿಡಬೇಕು. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದ ಮೇಷ್ಟ್ರನ್ನು ಕೇಳಿ ನೋಡಿ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಎಂದು ಖುಷಿಯಿಂದ ಬರುತ್ತಾರೆ. ಅರ್ಜಿಗೆ ಲಗತ್ತಿಸುವ ವರದಿ ಮಾತ್ರ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನದ್ದೇ ಆಗಿರಲಿ.

ಅಂಕಿಗಳನ್ನು ಓದುವಾಗ ನಮ್ಮ ಕರಾವಳಿಯ ಎರಡು ವಿಷಯ ನೆನಪಿರಲಿ.

ಒಂದು, ಪಿಎಚ್. ಕೆಂಪುಕಲ್ಲಿನ ನೆಲದಿಂದ ಇಳಿದು ಬರುವ ನೀರು ಸಹಜವಾಗಿಯೇ ಸ್ವಲ್ಪ ಹುಳಿ ಗುಣದ್ದು, ಲವಣವೂ ಬಹಳ ಕಡಿಮೆ. ಪಿಎಚ್ 6ರ ಆಸುಪಾಸು ಬಂದರೆ ಗಾಬರಿ ಬೇಡ. ಆದರೆ 6.5ಕ್ಕಿಂತ ಕಡಿಮೆ ಬಂತೆಂದು ಕಚೇರಿಯಲ್ಲಿ ಅರ್ಜಿಯನ್ನು ಬದಿಗಿಡುವ ಸಾಧ್ಯತೆ ಇದೆ, ಅದಕ್ಕೇ ‘ಇದು ಇಲ್ಲಿನ ಮಣ್ಣಿನ ಸಹಜ ಗುಣ, ತ್ಯಾಜ್ಯದಿಂದ ಬಂದದ್ದಲ್ಲ’ ಎಂದು ಮೊದಲೇ ಬರೆಯಿರಿ. ಅಂಥ ನೀರಿನಲ್ಲಿ ವಿದ್ಯುತ್ ವಾಹಕತೆಯ ಅಂಕಿ ಬಹಳ ಕೆಳಗಿರುತ್ತದೆ, ಅದೇ ನಿಮ್ಮ ಸಾಕ್ಷಿ. ಮುಂದೊಂದು ದಿನ ಆ ಅಂಕಿ ಏಕಾಏಕಿ ಏರಿದರೆ ಮೇಲೆ ಯಾರೋ ಏನೋ ಬಿಟ್ಟಿದ್ದಾರೆ ಎಂದೇ ಅರ್ಥ.

ಇನ್ನೊಂದು, ಕೋಲಿಫಾರ್ಮ್. ಕಾಡಿನ ನಡುವಿನ ತೋಡಿನಲ್ಲೂ ಮಳೆಗಾಲದಲ್ಲಿ 50 ದಾಟುತ್ತದೆ. ಕಾಡುಪ್ರಾಣಿಗಳ ಸಗಣಿ, ಮಣ್ಣು ಎಲ್ಲ ಕೊಚ್ಚಿ ಬರುತ್ತದಲ್ಲ. ಅದಕ್ಕಾಗಿ ಒಟ್ಟು ಕೋಲಿಫಾರ್ಮ್ ಜೊತೆಗೆ ಮಲಮೂಲದ ಕೋಲಿಫಾರ್ಮ್ ಕೂಡ ಬೇರೆಯಾಗಿ ಕೇಳಿ. ಡಿಸೆಂಬರ್, ಏಪ್ರಿಲ್‌ನಲ್ಲೂ ಅದು ಜಾಸ್ತಿಯೇ ಇದ್ದರೆ ಮಾತ್ರ ಯಾರದ್ದೋ ಟಾಯ್ಲೆಟ್ ಪಿಟ್ಟಿನ ಕಡೆ ನೋಡಬೇಕು. ಕೆಂಪುಕಲ್ಲು ತೂತು ತೂತಾಗಿರುವ ಕಲ್ಲು, ಪಿಟ್ಟಿನ ನೀರು ಅದರೊಳಗೆ ಬೇಗ ದಾರಿ ಮಾಡಿಕೊಳ್ಳುತ್ತದೆ.

ಲ್ಯಾಬಿನ ಜೊತೆ ಕಲ್ಲಿನ ಅಡಿಯನ್ನೂ ನೋಡಿ. ಹರಿವಿನ ನಡುವಿನ ಅಂಗೈ ಅಗಲದ ಕಲ್ಲುಗಳನ್ನು ಎತ್ತಿ ತಿರುಗಿಸಿದರೆ ಎರಡು ಅಥವಾ ಮೂರು ಎಳೆ ಬಾಲದ ಚಪ್ಪಟೆ ಹುಳುಗಳು ಅಂಟಿಕೊಂಡಿರುತ್ತವೆ, ಮೇಫ್ಲೈ ಮತ್ತು ಸ್ಟೋನ್‌ಫ್ಲೈ ಮರಿಗಳು. ಮರಳಿನ ಕಣ ಸೇರಿಸಿ ಗೂಡು ಕಟ್ಟುವ ಕ್ಯಾಡಿಸ್‌ಫ್ಲೈ ಮರಿಗಳೂ ಸಿಗಬಹುದು. ಇವು ಆಮ್ಲಜನಕ ಕಡಿಮೆಯಾದರೆ ಬದುಕುವುದಿಲ್ಲ. ಇವೆಲ್ಲ ಮಾಯವಾಗಿ ಕೆಂಪು ದಾರದಂಥ ಹುಳುಗಳು ಮಾತ್ರ ಉಳಿದಿದ್ದರೆ ಆ ಜಾಗ ಆಗಲೇ ಕೆಟ್ಟಿದೆ. ನೀರಿನ ಸ್ಯಾಂಪಲ್ ಹೇಳುವುದು ಆ ಗಳಿಗೆಯ ಸುದ್ದಿ, ಈ ಹುಳುಗಳು ಹಿಂದಿನ ಹಲವು ತಿಂಗಳ ಕಥೆ ಹೇಳುತ್ತವೆ. ಫೋಟೋ ತೆಗೆದು ದಿನಾಂಕ, ಜಾಗ ಬರೆದಿಡಿ. ಕಲ್ಲು ವಾಪಸ್ ಇದ್ದ ಹಾಗೇ ಇಡಿ.

ಊರವರ ಜೊತೆ ಮಾತು, ಇದೇ ಕಷ್ಟದ್ದು

ಪಶ್ಚಿಮ ಘಟ್ಟದ ಕಸ್ತೂರಿರಂಗನ್ ವರದಿ 2013ರಲ್ಲಿ ಬಂದಾಗಿನಿಂದ ಘಟ್ಟದ ಬುಡದ ಊರುಗಳಲ್ಲಿ ‘ಸೂಕ್ಷ್ಮ ಪ್ರದೇಶ’ ಎಂಬ ಮಾತು ಕೇಳಿದರೇ ಜನ ಎದ್ದು ನಿಲ್ಲುತ್ತಾರೆ. ಆ ಭಯ ಸುಳ್ಳಲ್ಲ. ತಲೆಮಾರುಗಳಿಂದ ಕುಮ್ಕಿ ಜಾಗದಲ್ಲಿ (ಕೃಷಿ ಜಾಗದ ಪಕ್ಕದ ಸರ್ಕಾರಿ ಜಾಗ) ಸೊಪ್ಪು ತರಗೆಲೆ ತಂದವರಿಗೆ ನಾಳೆ ಯಾರೋ ಬಂದು ಬೇಲಿ ಹಾಕುತ್ತಾರೆ ಅನ್ನುವ ಆತಂಕ ಇದ್ದೇ ಇರುತ್ತದೆ. ಹಾಗಾಗಿ ಗ್ರಾಮಸಭೆಗೆ ಮೊದಲು ಮನೆ ಮನೆಗೆ ಹೋಗಿ. ಮೇಲ್ಭಾಗದ ಮನೆಗಳಿಂದಲೇ ಶುರು ಮಾಡಿ, ಏಕೆಂದರೆ ಕಟ್ಟುಪಾಡು ಬೀಳುವುದು ಅವರ ಮೇಲೆ, ಲಾಭ ಹೆಚ್ಚಾಗಿ ಕೆಳಗಿನವರಿಗೆ. ಇದನ್ನು ಮುಚ್ಚಿಟ್ಟು ಮಾತಾಡಿದರೆ ನಂಬಿಕೆ ಹೋಗುತ್ತದೆ.

ಸ್ಪಷ್ಟವಾಗಿ ಹೇಳಿ: ಇದು ಜಾಗ ತೆಗೆದುಕೊಳ್ಳುವ ವಿಷಯ ಅಲ್ಲ, ತೋಡಿಗೆ ಏನು ಬಿಡಬಾರದು ಎನ್ನುವ ವಿಷಯ. ಕಟ್ಟ ಕಟ್ಟಿ ತೋಟಕ್ಕೆ ನೀರು ಹಾಯಿಸೋದಕ್ಕೆ ಇದರಿಂದ ತಡೆ ಇಲ್ಲ. ಆದರೆ ನಾವೂ ಕೆಲವು ಬಿಡಬೇಕಾಗುತ್ತದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಬೋರ್ಡೋ ಹೊಡೆದ ಮೇಲೆ ಡ್ರಮ್ಮು, ಪೈಪು ತೋಡಿನಲ್ಲಿ ತೊಳೆಯುವ ಅಭ್ಯಾಸ ತುಂಬ ಕಡೆ ಇದೆ. ಅದರಲ್ಲಿರುವ ಮೈಲುತುತ್ತದ ತಾಮ್ರ ಮೀನಿಗೆ ವಿಷ, ಸ್ವಲ್ಪವೇ ಸಾಕು. ತೊಳೆದ ನೀರನ್ನು ತೋಟದ ಬುಡಕ್ಕೇ ಹೊಯ್ದರೆ ಮುಗಿಯಿತು. ರಬ್ಬರ್ ಶೀಟಿನ ಆಸಿಡ್ ನೀರಿಗೆ ಒಂದು ಹೊಂಡ ಮಾಡಿ ಸುಣ್ಣ ಹಾಕಬೇಕು. ಮೀನಿಗೆ ವಿಷ ಹಾಕುವುದು, ತೋಟೆ (ಸಿಡಿಮದ್ದು) ಸಿಡಿಸುವುದು ಪೂರ್ತಿ ನಿಲ್ಲಬೇಕು. ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ವಿಷ ಹಾಕಿದ್ದು ನಮ್ಮ ಕಡೆಯವರು ಇನ್ನೂ ಮರೆತಿಲ್ಲ, ಅಲ್ಲಿ ಮೀನುಗಳಿಗೆ ಸ್ಮಾರಕವೇ ಇದೆ. ಯಾವ ಸರ್ಕಾರಿ ದರ್ಜೆಯೂ ಇಲ್ಲದೆ, ಬರೀ ದೇವರ ಹೆಸರಿನಲ್ಲಿ ನಮ್ಮ ಹಿರಿಯರು ಹೊಳೆಯ ಒಂದೊಂದು ಗುಂಡಿಯನ್ನು ಕಾದು ಉಳಿಸಿದ್ದಾರೆ ಮಾರಾಯ್ರೆ. ಊರಲ್ಲಿ ಅಂಥ ಜಾಗ ಇದ್ದರೆ ಅರ್ಜಿಯಲ್ಲಿ ಅದನ್ನೂ ಸೇರಿಸಿ.

ಗ್ರಾಮಸಭೆಯ ನಿರ್ಣಯ

ಮಾತು ಕುದುರಿದ ಮೇಲೆ ವಿಷಯವನ್ನು ಅಜೆಂಡಾಕ್ಕೆ ಸೇರಿಸಲು ಪಿಡಿಒಗೆ ಲಿಖಿತವಾಗಿ ಕೊಡಿ. ಸಭೆಯಲ್ಲಿ ಬಾಯಿಮಾತಿನ ಚಪ್ಪಾಳೆ ಸಾಲದು. ನಿರ್ಣಯದ ವಾಕ್ಯ ನೀವೇ ಬರೆದುಕೊಂಡು ಹೋಗಿ. ಸುಮಾರಾಗಿ ಹೀಗಿರಲಿ:

‘ನಮ್ಮ ಗ್ರಾಮದ ಈ ಸರ್ವೆ ನಂಬರುಗಳಲ್ಲಿ ಹರಿದು ಈ ಹೊಳೆಗೆ ಸೇರುವ ತೋಡಿನ ನೀರು ಸದ್ಯ ಉತ್ತಮವಾಗಿದೆ. ಇದನ್ನು ಕುಡಿಯುವ ನೀರಿನ ಮೂಲವೆಂದು ‘ಎ’ ದರ್ಜೆಗೆ ಸೇರಿಸಬೇಕು. ಇದಕ್ಕೆ ತ್ಯಾಜ್ಯನೀರು ಬಿಡುವ ಯಾವ ಹೊಸ ಘಟಕಕ್ಕೂ ಸಮ್ಮತಿ ಕೊಡಬಾರದು. ಇದನ್ನು ನೀರಿನ ಗುಣಮಟ್ಟದ ನಿಯಮಿತ ಪರೀಕ್ಷೆಯ ಜಾಗಗಳಲ್ಲಿ ಸೇರಿಸಬೇಕು.’

ಇದರ ದೃಢೀಕೃತ ಪ್ರತಿ ಕೈಗೆ ಬರುವವರೆಗೆ ಬಿಡಬೇಡಿ. ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಎಚ್ಚರಿಸಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಅದು ಇರಲೇಬೇಕು. ತೋಡಿನ ಮೀನು, ಕಪ್ಪೆ, ಏಡಿ, ದಂಡೆಯ ಮರಗಳು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿದ್ದರೆ ಅದೂ ಒಂದು ಸರ್ಕಾರಿ ದಾಖಲೆ. ತೀರಾ ವಿಶೇಷವಾದ ಜಾಗವಾದರೆ ಅದೇ ಕಾಯ್ದೆಯ 37ನೇ ಕಲಮಿನಡಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಲು ರಾಜ್ಯ ಸರ್ಕಾರವನ್ನು ಕೇಳಬಹುದು.

ಅರ್ಜಿ ಯಾರಿಗೆ

ಬೆಂಗಳೂರಿನಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸದಸ್ಯ ಕಾರ್ಯದರ್ಶಿಗೆ. ಪ್ರತಿಗಳು ಮಂಗಳೂರು ಅಥವಾ ಉಡುಪಿಯ ಪ್ರಾದೇಶಿಕ ಪರಿಸರ ಅಧಿಕಾರಿಗೆ, ಜಿಲ್ಲಾಧಿಕಾರಿಗೆ, ಜಿಲ್ಲಾ ಪಂಚಾಯತಿಗೆ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ನಕ್ಷೆ, ನಾಲ್ಕು ಕಾಲದ ವರದಿ, ಫೋಟೋ, ನಿರ್ಣಯ ಎಲ್ಲ ಲಗತ್ತಿಸಿ. ಅರ್ಜಿ ಎರಡು ಪುಟ ದಾಟದಿರಲಿ.

ನೀವು ತೆಗೆಸಿದ ವರದಿ ಒಪ್ಪಿಸಲು ಸಾಕು, ಆದರೆ ಕಾನೂನಿನ ಲೆಕ್ಕದಲ್ಲಿ ತೂಕ ಇರುವುದು ಮಂಡಳಿಯೇ 1974ರ ಜಲ ಕಾಯ್ದೆಯ 21ನೇ ಕಲಮಿನಡಿ ತೆಗೆದ ಸ್ಯಾಂಪಲಿಗೆ. ಅದಕ್ಕೇ ‘ಮಂಡಳಿಯೇ ಬಂದು ಸ್ಯಾಂಪಲ್ ತೆಗೆಯಬೇಕು’ ಎಂದು ಪ್ರತ್ಯೇಕವಾಗಿ ಕೇಳಿ. ‘ಇಂಥದ್ದು ಹಿಂದೆ ಎಲ್ಲಿ ಮಾಡಿದ್ದಾರೆ’ ಎಂಬ ಪ್ರಶ್ನೆ ಬಂದರೆ ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದ ಉದಾಹರಣೆ ಕೊಡಿ. ಅದರ ಜಲಾನಯನ ಪ್ರದೇಶವನ್ನು 2003ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ನಾಲ್ಕು ವಲಯ ಮಾಡಿ, ಎಲ್ಲಿ ಏನು ಬರಬಾರದು ಎಂದು ಆದೇಶ ಹೊರಡಿಸಿತ್ತು. ಕುಡಿಯುವ ನೀರಿಗಾಗಿ ಇಡೀ ಜಲಾನಯನಕ್ಕೆ ಕಟ್ಟುಪಾಡು ಹಾಕಲು ಸರ್ಕಾರಕ್ಕೆ ಬರುತ್ತದೆ ಎನ್ನಲು ಇದು ಸಾಕು. 2019ರಲ್ಲಿ ಅದೇ ಆದೇಶವನ್ನು ಸಡಿಲ ಮಾಡಿದ್ದೂ ಗೊತ್ತಿರಲಿ. ಒಮ್ಮೆ ಸಿಕ್ಕಿದ್ದು ತಾನಾಗಿ ಉಳಿಯುವುದಿಲ್ಲ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ‘ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದಷ್ಟೇ ಕೇಳಿ, ಯಾಕೆ ಮಾಡಿಲ್ಲ ಎಂದು ಕೇಳಬೇಡಿ.

ದರ್ಜೆ ಸಿಗುವವರೆಗೆ

ಇದಕ್ಕೆ ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ತೋಡು ಕೆಡಬಾರದು. ಅದೇ ಜಲ ಕಾಯ್ದೆಯ 24ನೇ ಕಲಮಿನಂತೆ ಹೊಳೆಗೆ ಅಥವಾ ಬಾವಿಗೆ ಮಲಿನ ವಸ್ತು ಬಿಡುವುದು ಈಗಲೂ ನಿಷಿದ್ಧ, ದರ್ಜೆ ಇರಲಿ ಇಲ್ಲದಿರಲಿ. ಮಣ್ಣು ತುಂಬಿಸಿ ಹರಿವು ತಡೆದು ಮಾಲಿನ್ಯ ಹೆಚ್ಚಿಸುವುದೂ ಅದರಲ್ಲಿ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಂದಾರದ ಕಡೆ ಜರುಗಿದಾಗ ಅದರ ಕೊಳೆ ನೀರು ತೋಡು ಹಿಡಿದು ಫಲ್ಗುಣಿ ನದಿಯತ್ತ ಇಳಿಯಿತು. ಮೇಲೆ ಏನಾದರೂ ಆದರೆ ಕೆಳಗಿನ ಕುಡಿಯುವ ನೀರಿಗೆ ಎಷ್ಟು ಬೇಗ ತಲುಪುತ್ತದೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಹಕ್ಕು 25ನೇ ಕಲಮಿನಲ್ಲಿದೆ. ತ್ಯಾಜ್ಯನೀರು ಬಿಡಲು ಕೊಟ್ಟ ಸಮ್ಮತಿಗಳು ಮತ್ತು ಅವುಗಳ ಷರತ್ತುಗಳ ಒಂದು ರಿಜಿಸ್ಟರ್ ಮಂಡಳಿ ಇಡಬೇಕು, ಆ ಹೊರಹರಿವಿನಿಂದ ತೊಂದರೆಗೊಳಗಾಗುವ ಯಾರು ಬೇಕಾದರೂ ಅದರಲ್ಲಿ ತಮಗೆ ಸಂಬಂಧಿಸಿದ ಭಾಗವನ್ನು ಹೋಗಿ ನೋಡಬಹುದು. ಪ್ರಾದೇಶಿಕ ಕಚೇರಿಗೆ ಹೋಗಿ ನಿಮ್ಮ ತೋಡಿನ ಮೇಲ್ಭಾಗದಲ್ಲಿ ಯಾರಿಗೆಲ್ಲ ಸಮ್ಮತಿ ಇದೆ, ಯಾವ ಷರತ್ತು, ಯಾವಾಗ ಮುಗಿಯುತ್ತದೆ ಎಂದು ಬರೆದುಕೊಳ್ಳಿ. ಸಮ್ಮತಿಗೆ ಅವಧಿ ಇರುತ್ತದೆ. ಅದು ಮುಗಿಯುವ ಮೊದಲೇ ನಿಮ್ಮ ಆಕ್ಷೇಪ, ನಿಮ್ಮ ನಾಲ್ಕು ಕಾಲದ ವರದಿಯ ಸಮೇತ, ಅವರ ಮೇಜಿನ ಮೇಲಿರಬೇಕು. ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ನಡೆಯುವುದಿದ್ದರೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಅದರ ಮೇಲೂ ಒಬ್ಬರು ಕಣ್ಣಿಟ್ಟಿರಲಿ.

ಯಾವುದಕ್ಕೂ ಬಗ್ಗದಿದ್ದರೆ ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇದೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ತಕರಾರು ಹುಟ್ಟಿದ ದಿನದಿಂದ 6 ತಿಂಗಳ ಒಳಗೆ ಹೋಗಬೇಕು, ತಕ್ಕ ಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು. ಹಾಗಾಗಿ ತೋಡಿನ ಬಣ್ಣ ಬದಲಾದ ದಿನ, ಮೀನು ಸತ್ತು ತೇಲಿದ ದಿನ, ನೊರೆ ಕಂಡ ದಿನ ಕೂಡಲೇ ಫೋಟೋ ತೆಗೆದು, ಅವತ್ತೇ ಪ್ರಾದೇಶಿಕ ಕಚೇರಿಗೆ ಇಮೇಲ್ ಮಾಡಿ, ಪಂಚಾಯತಿಗೂ ಒಂದು ಪ್ರತಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ.